ಯಾವ ಅಕಿರ?

ಈ ಅಂಕಣದಲ್ಲಿ ಜಪಾನಿನ ವಿಷಯ ಏನೇ ಬರೆದರೂ ವಾರದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕುರೊಸಾವ ಅವರ ಸಿನಿಮಾ ಬಗ್ಗೆ ಬರೆದಾಗ ಬಂತು. ಮೊಬೈಲಿನ ಬ್ಯಾಟರಿ ಬಗ್ಗೆ ಬರೆದಾಗ ಮತ್ತೆ ಬಂತು. "ಸಿನಿಮಾದವರೂ ಅಕಿರಾ, ಬ್ಯಾಟರಿಯವರೂ ಅಕಿರಾ, ನನ್ನ ಮಗ ಕಣ್ಣು ಮಿಟುಕಿಸದೆ ನೋಡುವ ಡ್ರ್ಯಾಗನ್ ಬಾಲ್ ಬರೆದವರೂ ಅಕಿರಾ. ಇವರೆಲ್ಲ ಒಂದೇ ಮನೆತನದವರಾ? ಇಲ್ಲಾ ನಮ್ಮಲ್ಲಿ ಗೌಡ, ಭಟ್ಟ ಅಂದ ಹಾಗೆ ಅದೊಂದು ಕುಲದ ಹೆಸರಾ?" ಎಂದು ಹಾಸನದ ಓದುಗರೊಬ್ಬರು ಕೇಳಿದ್ದಾರೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಇನ್ನೂ ಹಲವರು ಕೇಳಿದ್ದಾರೆ. ಒಂದೆರಡು ಸಾಲಿನಲ್ಲಿ ಉತ್ತರ ಹೇಳಿ ಮುಗಿಸಿದರೆ ವಿಷಯಕ್ಕೆ ಅನ್ಯಾಯವಾಗುತ್ತದೆ ಅನ್ನಿಸಿ ಈ ವಾರ ಇದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಸುಲಭದ ಭಾಗ. ಅಕಿರ ಎನ್ನುವುದು ಅಪ್ಪ ಅಮ್ಮ ಮಗುವಿಗೆ ಇಡುವ ಹೆಸರು. ಮನೆತನದ ಹೆಸರು ಅದಕ್ಕಿಂತ ಮುಂಚೆ ಬರುತ್ತದೆ. ಕುರೊಸಾವ ಅಕಿರ, ಯೊಶಿನೊ ಅಕಿರ, ತೊರಿಯಾಮ ಅಕಿರ, ಹೀಗೆ. ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಾಗ ಊರು ಮೊದಲು, ತಂದೆ ಆಮೇಲೆ, ತಾನು ಕೊನೆಗೆ. ಜಪಾನಿನ ಮನೆತನದ ಹೆಸರುಗಳಲ್ಲಿಯೂ ಬಹಳಷ್ಟು ನೆಲದಿಂದಲೇ ಹುಟ್ಟಿದವು. ತನಾಕ ಎಂದರೆ ಗದ್ದೆಯ ನಡು. ಯಾಮಮೊತೊ ಎಂದರೆ ಬೆಟ್ಟದ ಬುಡ. ತೊರಿಯಾಮ ಎಂದರೆ ಹಕ್ಕಿಬೆಟ್ಟ. ಇನ್ನೊಂದು ಚಿಕ್ಕ ಮಾತು: ಕೊನೆಯ 'ರ' ಹ್ರಸ್ವ. ಇಂಗ್ಲಿಷ್ ಕಾಗುಣಿತ ನೋಡಿ ನಾವು 'ಅಕಿರಾ' ಎಂದು ಎಳೆಯುತ್ತೇವೆ. ಜಪಾನಿನವರು ಎಳೆಯುವುದಿಲ್ಲ. ಕನ್ನಡದಲ್ಲಿ 'ಅಕಿರ' ಎಂದು ಬರೆದರೆ ಅವರು ಹೇಳುವುದಕ್ಕೆ ತೀರಾ ಹತ್ತಿರವಾಗುತ್ತದೆ. ಹಾಗಾಗಿ ಇಲ್ಲಿ ಹಾಗೇ ಬರೆಯುತ್ತೇನೆ.

ಇನ್ನು ಕಷ್ಟದ ಭಾಗ. ಈ ಅಕಿರಗಳಿಗೆ ಇರುವುದು ಒಂದೇ ಹೆಸರಲ್ಲ. ನಮ್ಮ ಕಿವಿಗೆ ಒಂದೇ. ಅವರ ಕಣ್ಣಿಗೆ ಬೇರೆ ಬೇರೆ. ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ.

ದುಭಾಷಿಯ ಕೆಲಸಕ್ಕೆ ಸೇರಿದ ಹೊಸತು. ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಗೆ ಜಪಾನಿನಿಂದ ಐದು ಮಂದಿ ಎಂಜಿನಿಯರುಗಳು ಬರುವವರಿದ್ದರು. ಸಭೆಯ ಮೇಜಿನ ಮೇಲೆ ಇಡುವ ಹೆಸರಿನ ಫಲಕಗಳನ್ನು ಜಪಾನಿ ಲಿಪಿಯಲ್ಲಿ ಮಾಡಿಸುವುದು ನನ್ನ ಪಾಲಿಗೆ ಬಂತು. ಕೈಗೆ ಸಿಕ್ಕಿದ ಪಟ್ಟಿ ಇಂಗ್ಲಿಷಿನಲ್ಲಿತ್ತು. ನಾಲ್ಕು ಹೆಸರನ್ನು ಅವರ ಹಳೆಯ ಪತ್ರಗಳಿಂದ ಹುಡುಕಿ ತೆಗೆದೆ. ಐದನೆಯವರ ಹೆಸರು ಅಕಿರ. ತರಗತಿಯಲ್ಲಿ ಕಲಿತ ಅಕ್ಷರ ನೆನಪಿತ್ತು: ಎಡಕ್ಕೆ ಸೂರ್ಯ, ಬಲಕ್ಕೆ ಚಂದ್ರ, ಎರಡೂ ಸೇರಿ ಬೆಳಕು. ಅದನ್ನೇ ಬರೆಸಿದೆ. ಮರುದಿನ ಆ ಹಿರಿಯರು ಕುರ್ಚಿಯ ಹತ್ತಿರ ಬಂದು ಫಲಕ ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಬಿಡುವಿನಲ್ಲಿ ಚಹಾ ಲೋಟ ಹಿಡಿದು ನನ್ನ ಪಕ್ಕ ಬಂದು ನಿಂತು, ಮೆಲುದನಿಯಲ್ಲಿ "ಶೋವಾ ನೋ ಶೋ" ಎಂದರು. ಶೋವಾ ಎಂಬ ಯುಗದ ಹೆಸರಿನಲ್ಲಿ ಇರುವ ಶೋ, ಅದು ನನ್ನ ಅಕಿರ ಎಂದು ಅರ್ಥ. ನಾನು ಬರೆಸಿದ್ದು ಬೇರೆ ಯಾರದೋ ಹೆಸರು. ಅವರು ಇಡೀ ಬೆಳಗ್ಗೆ ಇನ್ನೊಬ್ಬರ ಹೆಸರಿನ ಹಿಂದೆ ಕುಳಿತಿದ್ದರು. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ. ಮಧ್ಯಾಹ್ನದೊಳಗೆ ಹೊಸ ಫಲಕ ಮಾಡಿಸಿ ಇಟ್ಟೆ.

ಅವರು ಹೇಳಿದ ರೀತಿಯನ್ನು ಗಮನಿಸಿ. ಜಪಾನಿನಲ್ಲಿ ದೂರವಾಣಿಯಲ್ಲಿ ಹೆಸರು ಹೇಳಿದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಆ ಕಡೆಯವರು ಯಾವ ಅಕ್ಷರ ಎಂದು ಕೇಳುತ್ತಾರೆ. ಈ ಕಡೆಯವರು ಎಲ್ಲರಿಗೂ ಗೊತ್ತಿರುವ ಒಂದು ಶಬ್ದ ಹಿಡಿದು ಅದರೊಳಗಿನ ಅಕ್ಷರ ತೋರಿಸುತ್ತಾರೆ. 'ಬುನ್‌ಶೋ' ಎಂದರೆ ಬರಹ, ಅದರ ಶೋ. 'ಹ್ಯೋಶೋ' ಎಂದರೆ ಸನ್ಮಾನ, ಅದರ ಶೋ. 'ಅಕರುಯಿ' ಎಂದರೆ ಬೆಳಕಾದ, ಅದನ್ನು ಬರೆಯುವ ಅಕ್ಷರ. ಇವು ಮೂರೂ ಅಕಿರವೇ. ಬ್ಯಾಂಕಿನ ಗುಮಾಸ್ತರಿಂದ ಹಿಡಿದು ಹೋಟೆಲಿನ ಸ್ವಾಗತಕಾರರವರೆಗೆ ಎಲ್ಲರೂ ಪ್ರತಿದಿನ ಈ ವ್ಯವಹಾರ ಮಾಡುತ್ತಾರೆ. ಎದುರಿಗೇ ಇದ್ದರೆ ಬಲಗೈ ತೋರುಬೆರಳಿನಿಂದ ಎಡ ಅಂಗೈ ಮೇಲೆ ಬರೆದು ತೋರಿಸುತ್ತಾರೆ.

ಕಾರಣ ಲಿಪಿಯಲ್ಲಿದೆ. ಚೀನಾದಿಂದ ಬಂದ ಕಾಂಜಿ ಅಕ್ಷರಗಳು ಅರ್ಥವನ್ನು ಹೊತ್ತು ಬಂದವು. ಜಪಾನಿಗರು ಅವುಗಳ ಮೇಲೆ ತಮ್ಮ ಮಾತಿನ ಶಬ್ದಗಳನ್ನು ಕೂರಿಸಿದರು. ಬೆಳಕು, ಸ್ಪಷ್ಟತೆ, ಹೊಳಪು ಎಂಬ ಅರ್ಥಕ್ಕೆ ಅವರ ಬಾಯಲ್ಲಿ ಇದ್ದ ಶಬ್ದ ಒಂದೇ. ಆ ಅರ್ಥದ ಸುತ್ತಮುತ್ತ ಇದ್ದ ಚೀನೀ ಅಕ್ಷರಗಳು ಹತ್ತಾರು. ಎಲ್ಲಕ್ಕೂ ಅಕಿರ ಎಂಬ ಓದು ಅಂಟಿಕೊಂಡಿತು. ಇದರ ಉಲ್ಟಾ ಚೀನಾದಲ್ಲಿ ನಡೆಯುತ್ತದೆ. ಚೀನಾದ ಪತ್ರಿಕೆ ಓದುವವರು ಅಕ್ಷರವನ್ನು ಹಾಗೇ ಇಟ್ಟುಕೊಂಡು ಶಬ್ದವನ್ನು ಬಿಟ್ಟುಬಿಡುತ್ತಾರೆ. ಅವರ ಬಾಯಲ್ಲಿ ಕುರೊಸಾವ ಅಕಿರ 'ಮಿಂಗ್' ಆಗುತ್ತಾರೆ, ಯೊಶಿನೊ ಅಕಿರ 'ಜಾಂಗ್' ಆಗುತ್ತಾರೆ. ಅಕಿರ ಎಂಬ ಸದ್ದೇ ಅಲ್ಲಿಲ್ಲ. ನಾವು ಕನ್ನಡದಲ್ಲಿ ಸದ್ದನ್ನು ಉಳಿಸಿಕೊಂಡು ಅಕ್ಷರ ಬಿಡುತ್ತೇವೆ. ಅರ್ಧರ್ಧ ಹೆಸರು ಹಂಚಿಕೊಂಡ ಹಾಗೆ.

ಈಗ ಒಬ್ಬೊಬ್ಬರನ್ನೇ ನೋಡೋಣ. ಸೂರ್ಯಚಂದ್ರರ ಅಕಿರದಿಂದ ಶುರುಮಾಡುತ್ತೇನೆ. ಎಡಕ್ಕೆ ಕಿಟಕಿಯಂಥ ಚೌಕ, ನಡುವೆ ಒಂದು ಅಡ್ಡಗೆರೆ, ಅದು ಸೂರ್ಯ. ಬಲಕ್ಕೆ ಕಾಲು ಅಗಲಿಸಿ ನಿಂತ ಪುಟ್ಟ ಏಣಿಯಂಥದು, ಅದು ಚಂದ್ರ. ಒಟ್ಟು 8 ಗೆರೆ. ಮೇಜಿ ಯುಗದ ಹೆಸರಿನಲ್ಲಿ ಮೊದಲು ಬರುವುದೂ ಇದೇ ಅಕ್ಷರ. ಆ ಯುಗದ 43ನೇ ವರ್ಷ, ಅಂದರೆ 1910ರ ಮಾರ್ಚ್ 23ರಂದು ತೋಕಿಯೊದಲ್ಲಿ ಹುಟ್ಟಿದ ಮಗುವಿಗೆ ಈ ಅಕ್ಷರದ ಅಕಿರ ಹೆಸರಾಯಿತು. ಎಂಟು ಮಕ್ಕಳಲ್ಲಿ ಕೊನೆಯವ. ಮನೆತನದ ಹೆಸರಿನಲ್ಲಿ 'ಕುರೊ' ಎಂದರೆ ಕಪ್ಪು, 'ಸಾವ' ಎಂದರೆ ಜೌಗು. ಕಪ್ಪು ಜೌಗಿನ ಪಕ್ಕ ಬೆಳಕು. ಬೆಳಕು ನೆರಳಿನಲ್ಲೇ ಬದುಕಿದ ಕಪ್ಪು ಬಿಳುಪು ಸಿನಿಮಾದ ನಿರ್ದೇಶಕನಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯುವುದಿಲ್ಲ. 1950ರ 'ರಾಶೊಮೊನ್' ಚಿತ್ರದಲ್ಲಿ ಛಾಯಾಗ್ರಾಹಕ ಮಿಯಾಗಾವ ಕಜುಒ ಕಾಡಿನ ಎಲೆಗಳ ಸಂದಿಯಿಂದ ಕ್ಯಾಮೆರಾವನ್ನು ನೇರವಾಗಿ ಸೂರ್ಯನಿಗೇ ಹಿಡಿದರು. ಆಗಿನ ಕಾಲಕ್ಕೆ ಎಲ್ಲರೂ ಮಾಡಲು ಹೆದರುತ್ತಿದ್ದ ಕೆಲಸ. ಮರುವರ್ಷ ಆ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಸ್ವರ್ಣಸಿಂಹ ಬಂತು.

ಕನ್ನಡದವರಿಗೆ ಈ ಅಕಿರ ಪರಕೀಯರಲ್ಲ. ಗಿರೀಶ ಕಾರ್ನಾಡರು 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಮಾಡಿದಾಗ ಅದು ಕುರೊಸಾವ ಅವರಿಗೆ ಸಲ್ಲಿಸಿದ ಗೌರವವಾಗಿತ್ತು. ಶಂಕರ್‌ನಾಗ್ ಕತ್ತಿ ಹಿಡಿದು ನಡೆಯುವ ನಡಿಗೆಯಲ್ಲಿ, ಗಾಳಿ ಮತ್ತು ಮೌನವನ್ನು ಬಳಸುವ ರೀತಿಯಲ್ಲಿ ಸಮುರಾಯ್ ಚಿತ್ರಗಳ ನೆರಳು ಎದ್ದು ಕಾಣುತ್ತದೆ. ಆ ಸಿನಿಮಾ ನೋಡಿಯೇ ಕುರೊಸಾವ ಅವರನ್ನು ಹುಡುಕಿಕೊಂಡು ಹೋದವರಲ್ಲಿ ನಾನೂ ಒಬ್ಬ.

ಅದೇ 8 ಗೆರೆಯ ಅಕ್ಷರವನ್ನು ಕುರೊಸಾವ ಅವರೊಂದಿಗೆ ಹಂಚಿಕೊಂಡವರು ತೊರಿಯಾಮ ಅಕಿರ. 1955ರಲ್ಲಿ ಹುಟ್ಟಿದವರು. 1984ರಿಂದ 1995ರವರೆಗೆ ವಾರಪತ್ರಿಕೆಯಲ್ಲಿ ಬಿಡದೆ ಬರೆದ 'ಡ್ರ್ಯಾಗನ್ ಬಾಲ್' ಕಾಮಿಕ್ಸ್ ಅವರನ್ನು ಲೋಕದ ಮಕ್ಕಳಿಗೆಲ್ಲ ಪರಿಚಯಿಸಿತು. 2024ರ ಮಾರ್ಚ್ 1ರಂದು ತೀರಿಕೊಂಡರು. ಹಾಸನದ ಓದುಗರ ಮಗ ನೋಡುವುದು ಇವರ ಕೈಬರಹವನ್ನೇ. ಓದುಗರು ಕೇಳಿದ ಮೂವರಲ್ಲಿ ಸಿನಿಮಾದ ಅಕಿರ ಮತ್ತು ಕಾಮಿಕ್ಸಿನ ಅಕಿರ, ಈ ಇಬ್ಬರು ಮಾತ್ರ ನಿಜಕ್ಕೂ ಒಂದೇ ಹೆಸರಿನವರು. ಸದ್ದೂ ಒಂದು, ಅಕ್ಷರವೂ ಒಂದು.

ಬ್ಯಾಟರಿಯ ಅಕಿರ ಬೇರೆ. ಯೊಶಿನೊ ಅಕಿರ 1948ರಲ್ಲಿ ಓಸಾಕದ ಪಕ್ಕದ ಸುಯಿತದಲ್ಲಿ ಹುಟ್ಟಿದರು. ಲಿಥಿಯಂ ಲೋಹವನ್ನು ಹಾಗೇ ಬಳಸಿದರೆ ಬ್ಯಾಟರಿ ಹೊತ್ತಿಕೊಳ್ಳುವ ಅಪಾಯವಿತ್ತು. ಅದರ ಬದಲು ಇಂಗಾಲದ ವಸ್ತುವೊಂದರ ಪದರಗಳೊಳಗೆ ಲಿಥಿಯಂ ಅಯಾನುಗಳು ಬಂದು ಕೂತು ಎದ್ದು ಹೋಗುವ ಹಾಗೆ ಮಾಡಿ, 1985ರಲ್ಲಿ ಸುರಕ್ಷಿತವಾದ ಮಾದರಿಯನ್ನು ಸಿದ್ಧಪಡಿಸಿದರು. 1991ರಲ್ಲಿ ಅದು ಮಾರುಕಟ್ಟೆಗೆ ಬಂತು. 2019ರಲ್ಲಿ ಗುಡ್‌ಇನಫ್ ಮತ್ತು ವಿಟಿಂಗ್‌ಹ್ಯಾಮ್ ಅವರೊಂದಿಗೆ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅವರ ಹೆಸರಿನ ಅಕ್ಷರದಲ್ಲಿ 14 ಗೆರೆ. ಕೊನೆಯ ಮೂರು ಗೆರೆ ಬಲಗಡೆ ಓರೆಯಾಗಿ ಬೀಳುತ್ತವೆ, ಮಳೆಯ ಎರಚಲಿನ ಹಾಗೆ. ಎಲ್ಲರಿಗೂ ಕಾಣುವಂತೆ ಬೆಳಗಿಸಿ ತೋರಿಸುವುದು ಎಂದು ಅದರ ಅರ್ಥ. ಸುದ್ದಿಯನ್ನು ಮಕ್ಕಳಿಗೂ ತಿಳಿಯುವ ಹಾಗೆ ವಿವರಿಸುವುದಕ್ಕೆ ಜಪಾನಿನಲ್ಲಿ ಮನೆಮಾತಾದ ಪತ್ರಕರ್ತ ಇಕೆಗಾಮಿ ಅಕಿರ ಅವರದೂ ಇದೇ ಅಕ್ಷರ.

ಯೊಶಿನೊ ಅವರ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ. ಅವರು ಜೀವನಪೂರ್ತಿ ದುಡಿದ ಕಂಪನಿ ಅಸಾಹಿ ಕಾಸೆ. 'ಅಸಾಹಿ' ಎಂದರೆ ಬೆಳಗಿನ ಸೂರ್ಯ. ಕಂಪನಿಯ ಹೆಸರಿನಲ್ಲಿ ಅದನ್ನು ಬರೆಯುವ ಒಂಟಿ ಅಕ್ಷರವನ್ನು ವ್ಯಕ್ತಿಯ ಹೆಸರಾಗಿ ಇಟ್ಟರೆ ಅದನ್ನೂ ಅಕಿರ ಎಂದು ಓದಬಹುದು. 1950ರ ದಶಕದ ಕೊನೆಯಿಂದ ಜಪಾನಿನ ಪರದೆಯ ಮೇಲೆ ಮೆರೆದ ನಟ, ಗಾಯಕ ಕೊಬಾಯಾಶಿ ಅಕಿರ ಅವರ ಹೆಸರಿನಲ್ಲಿ ಇರುವುದು ಅದೇ.

ಎಂಜಿನಿಯರ್ ಹಿರಿಯರು ಹೇಳಿದ 'ಶೋವಾ ನೋ ಶೋ' ಅಕಿರಕ್ಕೆ ಬರೋಣ. ಎಡಕ್ಕೆ ಸೂರ್ಯ, ಬಲಕ್ಕೆ ಕರೆಯುವುದು ಎಂಬ ಅರ್ಥದ ಗುರುತು, ಒಟ್ಟು 9 ಗೆರೆ. 1926ರ ಡಿಸೆಂಬರ್ 25ರಂದು ಹೊಸ ಚಕ್ರವರ್ತಿಯ ಯುಗಕ್ಕೆ ಶೋವಾ ಎಂದು ಹೆಸರಿಟ್ಟರು. ಅಲ್ಲಿಯವರೆಗೆ ಅಪರೂಪವಾಗಿದ್ದ ಈ ಅಕ್ಷರ ರಾತ್ರೋರಾತ್ರಿ ದೇಶದ ತೊಟ್ಟಿಲುಗಳಿಗೆಲ್ಲ ಇಳಿಯಿತು. ಶೋವಾ ಎರಡನೇ ವರ್ಷ ಹುಟ್ಟಿದ ಗಂಡುಮಕ್ಕಳಿಗೆ ಶೋಜಿ, ಮೂರನೇ ವರ್ಷದವರಿಗೆ ಶೋಜೊ ಎಂದು ವರ್ಷದ ಎಣಿಕೆಯನ್ನೇ ಹೆಸರಿಗೆ ಸೇರಿಸಿದವರು ಬಹಳ. ಯುಗದ ಹೆಸರಿನ ಇನ್ನರ್ಧ ಅಕ್ಷರ ಹೆಣ್ಣುಮಕ್ಕಳ ಕಜುಕೊ ಎಂಬ ಹೆಸರಿಗೆ ಹೋಯಿತು. ಜಪಾನಿನ ಹಿರಿಯರ ಹೆಸರಿನ ಅಕ್ಷರ ನೋಡಿ ಅವರು ಹುಟ್ಟಿದ ಕಾಲವನ್ನು ಅಂದಾಜು ಮಾಡುವುದು ಸಾಧ್ಯ ಎನ್ನುವುದು ಇದಕ್ಕೇ.

ಅಂದಾಜು ತಪ್ಪುವುದೂ ಉಂಟು. ಇಫುಕುಬೆ ಅಕಿರ ಹುಟ್ಟಿದ್ದು 1914ರಲ್ಲಿ, ಶೋವಾ ಯುಗ ಶುರುವಾಗುವುದಕ್ಕೆ 12 ವರ್ಷ ಮೊದಲು. ಆದರೂ ಅವರದು ಇದೇ ಅಕ್ಷರ. ಹೊಕ್ಕೈದೊ ದ್ವೀಪದ ಕುಶಿರೊದಲ್ಲಿ ಹುಟ್ಟಿ, ಅರಣ್ಯಶಾಸ್ತ್ರ ಓದಿ, ಸಂಗೀತವನ್ನು ತಾವೇ ಕಲಿತವರು. 1954ರ 'ಗಾಡ್ಜಿಲಾ' ಚಿತ್ರಕ್ಕೆ ಸಂಗೀತ ಕೊಟ್ಟವರು ಅವರೇ. ಆ ಮೃಗದ ಘರ್ಜನೆಗೆ ಯಾವ ಪ್ರಾಣಿಯ ಸದ್ದೂ ಒಗ್ಗದೆ ಹೋದಾಗ, ರಾಳ ಸವರಿದ ಚರ್ಮದ ಕೈಗವಸನ್ನು ದೊಡ್ಡ ಬಾಸ್ ವಾದ್ಯದ ಸಡಿಲ ತಂತಿಯ ಮೇಲೆ ಉಜ್ಜಿ ಎಳೆಸಿದರು. ಎಪ್ಪತ್ತು ವರ್ಷಗಳಿಂದ ನಾವು ಕೇಳುತ್ತಿರುವುದು ಆ ಎಳೆತವನ್ನು. ಅದೇ ಅಕ್ಷರದ ಇನ್ನೊಬ್ಬರು ಫುಜಿಶಿಮ ಅಕಿರ, 1942ರಲ್ಲಿ ಜನನ. ವಿದ್ಯಾರ್ಥಿಯಾಗಿದ್ದಾಗ ನೀರಿನಲ್ಲಿ ಮುಳುಗಿಸಿದ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟರು, ಗುಳ್ಳೆ ಏಳತೊಡಗಿತು. ಬೆಳಕೇ ನೀರನ್ನು ಒಡೆಯುತ್ತಿತ್ತು. ಗುರು ಹೊಂಡ ಅವರೊಂದಿಗೆ 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಮಳೆ ಬಿಸಿಲಿಗೆ ತಾನೇ ಶುಚಿಯಾಗುವ ಗಾಜು, ಹೆಂಚುಗಳ ಮೂಲ ಅಲ್ಲಿದೆ. ಹೆಸರಿನಲ್ಲಿ ಸೂರ್ಯನನ್ನು ಇಟ್ಟುಕೊಂಡವರಿಗೆ ಬೆಳಕಿನ ಗುಟ್ಟು ಸಿಕ್ಕಿತು ಎಂದು ಬರೆಯುವಾಗ ನನಗೆ ಸಂತೋಷವಾಗುತ್ತದೆ.

ಆಟದ ಕಡೆಯವರು ನಿಶಿನೊ ಅಕಿರ. ಅವರ ಅಕ್ಷರದಲ್ಲಿ ಎಡಕ್ಕೆ ಒಳ್ಳೆಯದು, ಬಲಕ್ಕೆ ಚಂದ್ರ. ಸೇರಿದರೆ ತಿಳಿಯಾದ, ಗೆಲುವಾದ ಎಂಬ ಅರ್ಥ. 1996ರ ಒಲಿಂಪಿಕ್ಸಿನಲ್ಲಿ ಅವರು ತರಬೇತಿ ಕೊಟ್ಟ ಜಪಾನ್ ಫುಟ್‌ಬಾಲ್ ತಂಡ ಮಯಾಮಿಯಲ್ಲಿ ಬ್ರೆಜಿಲನ್ನು 1–0 ಅಂತರದಿಂದ ಸೋಲಿಸಿತು. 2018ರ ವಿಶ್ವಕಪ್ಪಿಗೆ ಎರಡು ತಿಂಗಳಿರುವಾಗ ಅವರನ್ನೇ ಮತ್ತೆ ಕರೆದರು. ಬೇಸ್‌ಬಾಲಿನ ಇಚಿರೊ ಅವರ ಹೆಸರಿನ ಎರಡನೇ ಅಕ್ಷರವೂ ಇದೇ. ಸಾಮಾನ್ಯವಾಗಿ ಇಚಿರೊ ಎಂದರೆ ಮೊದಲ ಮಗ ಎಂದು ಅರ್ಥ ಬರುವ ಅಕ್ಷರಗಳಲ್ಲಿ ಬರೆಯುತ್ತಾರೆ. ಈ ಇಚಿರೊ ಎರಡನೇ ಮಗ. ಅದಕ್ಕೆ ತಕ್ಕ ಹಾಗೆ 'ಮಗ' ಎಂಬ ಅಕ್ಷರ ಅವರ ಹೆಸರಿನಲ್ಲಿಲ್ಲ. ಅದರ ಜಾಗದಲ್ಲಿ ಈ ಗೆಲುವಿನ ಅಕ್ಷರವಿದೆ. ಕೇಳುವವರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಇಷ್ಟು ಅಕ್ಷರಗಳಲ್ಲಿ ಒಂದನ್ನು ತಂದೆತಾಯಿ ಆರಿಸುವುದು ಹೇಗೆ? ನಮ್ಮಲ್ಲಿ ಮಗುವಿನ ನಕ್ಷತ್ರ ನೋಡಿ, ಪಾದ ನೋಡಿ, ಅಶ್ವಿನಿಗೆ ಚು ಚೆ ಚೋ ಲ ಎಂದು ಮೊದಲ ಅಕ್ಷರ ಹುಡುಕುತ್ತೇವೆ. ಅಲ್ಲಿ ಬಹಳ ಮನೆಗಳಲ್ಲಿ ಗೆರೆ ಎಣಿಸುತ್ತಾರೆ. ಮನೆತನದ ಹೆಸರಿನ ಗೆರೆ, ಮಗುವಿನ ಹೆಸರಿನ ಗೆರೆ ಕೂಡಿಸಿ ಶುಭವೋ ಅಲ್ಲವೋ ನೋಡುತ್ತಾರೆ. 8 ಗೆರೆಯ ಅಕಿರ ಕೂಡಿಬರದಿದ್ದರೆ 9 ಗೆರೆಯದು, ಅದೂ ಆಗದಿದ್ದರೆ ಮೂರು ಸೂರ್ಯರನ್ನು ಪೇರಿಸಿದ 12 ಗೆರೆಯದು. ಕರೆಯುವ ಹೆಸರು ಬದಲಾಗಬೇಕಾಗಿಲ್ಲ. ಹುಟ್ಟಿದ ಏಳನೇ ದಿನ ಕುಂಚದಿಂದ ಕಾಗದದ ಮೇಲೆ ಹೆಸರು ಬರೆದು ಗೋಡೆಗೆ ಹಾಕುವ ಪದ್ಧತಿ ಇದೆ. ತಟ್ಟೆಯಲ್ಲಿ ಅಕ್ಕಿ ಹರವಿ ಚಿನ್ನದ ಉಂಗುರದಿಂದ ಹೆಸರು ಬರೆಯುವ ನಮ್ಮ ನಾಮಕರಣ ನನಗೆ ಆಗ ನೆನಪಾಗುತ್ತದೆ. ಕಾನೂನಿನ ಪ್ರಕಾರ 14 ದಿನದೊಳಗೆ ನಗರಸಭೆಯಲ್ಲಿ ನೋಂದಾಯಿಸಬೇಕು. ಹೆಸರಿಗೆ ಬಳಸಬಹುದಾದ ಕಾಂಜಿಗಳ ಪಟ್ಟಿ ಇದೆ: ಎಲ್ಲರೂ ಕಲಿಯುವ 2,136, ಹೆಸರಿಗೆಂದೇ ಒಪ್ಪಿದ 863. ಪಟ್ಟಿಯ ಹೊರಗಿನ ಕಾಂಜಿ ಇಡುವಂತಿಲ್ಲ.

ಆದರೆ ಅಕ್ಷರವನ್ನು ಹೇಗೆ ಓದಬೇಕೆಂದು ಕುಟುಂಬ ದಾಖಲೆಯಲ್ಲಿ ಬರೆಯುವ ನಿಯಮವೇ ಇರಲಿಲ್ಲ. ಕೊಸೆಕಿ ಎಂಬ ಆ ದಾಖಲೆಯಲ್ಲಿ ಇರುತ್ತಿದ್ದುದು ಕಾಂಜಿ ಮಾತ್ರ. ಓದು ಮನೆಯವರ ಬಾಯಲ್ಲಿತ್ತು. ಸೂರ್ಯಚಂದ್ರರ ಅಕ್ಷರವನ್ನು ಒಬ್ಬರು ಅಕಿರ ಎಂದರೆ ಇನ್ನೊಬ್ಬರು ಬೇರೇನೋ ಎನ್ನಬಹುದಿತ್ತು. 2025ರ ಮೇ 26ರಿಂದ ಇದು ಬದಲಾಗಿದೆ. ಈಗ ಓದನ್ನೂ ದಾಖಲಿಸಬೇಕು, ಅದು ಸಮಾಜ ಒಪ್ಪುವ ಓದಾಗಿರಬೇಕು. ಅಕ್ಷರಕ್ಕೂ ಓದಿಗೂ ಸಂಬಂಧವೇ ಇಲ್ಲದ ಹೊಸ ಹೆಸರುಗಳಿಂದ ಶಾಲೆ ಆಸ್ಪತ್ರೆಗಳಲ್ಲಿ ಆಗುವ ಪರದಾಟ ನೋಡಿದವನಾಗಿ ನಾನು ಈ ನಿಯಮದ ಪರ. ಮಗುವಿನ ಹೆಸರು ಕೂಗಲು ಬಾರದೆ ನರ್ಸು ತಡಕಾಡುವುದು ಯಾರಿಗೂ ಒಳ್ಳೆಯದಲ್ಲ.

ಹಾಗಾದರೆ ಇಷ್ಟು ಜನ ಅಕಿರರು ಇದ್ದೂ ಅಲ್ಲಿ ಗೊಂದಲ ಆಗುವುದಿಲ್ಲವೇ ಎಂದು ಕೇಳಿದವರಿದ್ದಾರೆ. ಆಗುವುದಿಲ್ಲ. ಯಾಕೆಂದರೆ ಇಟ್ಟ ಹೆಸರನ್ನು ಅಲ್ಲಿ ಹೊರಗೆ ಹೆಚ್ಚಾಗಿ ಕರೆಯುವುದೇ ಇಲ್ಲ. ಕಚೇರಿಯಲ್ಲಿ, ಅಂಗಡಿಯಲ್ಲಿ, ನೆರೆಹೊರೆಯಲ್ಲಿ ಮನೆತನದ ಹೆಸರಿಗೆ 'ಸಾನ್' ಸೇರಿಸಿ ಕರೆಯುತ್ತಾರೆ. ನಾಲ್ಕು ವರ್ಷ ಒಟ್ಟಿಗೆ ಕೆಲಸ ಮಾಡಿದ ಸಹೋದ್ಯೋಗಿಯ ಇಟ್ಟ ಹೆಸರು ನನಗೆ ಗೊತ್ತಾಗಿದ್ದು ಅವರ ಮದುವೆಯ ಕರೆಯೋಲೆಯಲ್ಲಿ. ಅಕಿರ ಎಂದು ಕರೆಯುವವರು ತಾಯಿ, ತಂದೆ, ಬಾಲ್ಯದ ಗೆಳೆಯರು. ಅಲ್ಲಿ ನಿಜವಾದ ಇಕ್ಕಟ್ಟು ಮನೆತನದ ಹೆಸರಿನದು. ದೇಶದಲ್ಲೇ ಹೆಚ್ಚು ಜನಕ್ಕೆ ಇರುವುದು ಸಾತೊ, ನಂತರ ಸುಜುಕಿ. ಒಂದೇ ವಿಭಾಗದಲ್ಲಿ ಮೂವರು ಸುಜುಕಿಗಳಿದ್ದರೆ ಒಬ್ಬರು ಲೆಕ್ಕದ ಸುಜುಕಿ, ಒಬ್ಬರು ಮೂರನೇ ಮಹಡಿಯ ಸುಜುಕಿ. ಮೇಲಿನಮನೆ ನಾಗಪ್ಪ, ಕೆರೆಕೋಡಿ ನಾಗಪ್ಪ ಎಂದು ನಮ್ಮೂರಿನಲ್ಲಿ ಮಾಡುವುದೂ ಇದನ್ನೇ.

ಮನೆತನದ ಹೆಸರು, ಇಟ್ಟ ಹೆಸರು, ಅಕ್ಷರ ಮೂರೂ ಒಂದೇ ಆದವರ ಕಥೆ ಹೇಳದೆ ಮುಂದೆ ಹೋಗಲಾರೆ. ತನಾಕ ಹಿರೊಕಜು ಎಂಬ ಹೆಸರಿನ ಒಬ್ಬರು 1994ರಲ್ಲಿ ಬೇಸ್‌ಬಾಲ್ ತಂಡವೊಂದು ತನ್ನ ಹೆಸರಿನವನನ್ನೇ ಆಯ್ಕೆ ಮಾಡಿದ ಸುದ್ದಿ ನೋಡಿದರು. ಅಲ್ಲಿಂದ ತನ್ನ ಹೆಸರಿನವರನ್ನು ಹುಡುಕುವ ಗೀಳು ಹತ್ತಿತು. ನಾಲ್ಕು ಅಕ್ಷರಗಳೂ ತಪ್ಪದೆ ಹೊಂದಬೇಕು ಎಂಬುದು ಅವರ ಕಟ್ಟುನಿಟ್ಟು. 2022ರ ಅಕ್ಟೋಬರಿನಲ್ಲಿ ತೋಕಿಯೊದ ಸಭಾಂಗಣವೊಂದರಲ್ಲಿ 178 ಮಂದಿ ತನಾಕ ಹಿರೊಕಜುಗಳು ಸೇರಿದರು. ಅಮೆರಿಕದ 164 ಮಾರ್ಥಾ ಸ್ಟೀವರ್ಟ್‌ಗಳ ಗಿನ್ನೆಸ್ ದಾಖಲೆ ಮುರಿಯಿತು. ಮರುವರ್ಷ ಸೆರ್ಬಿಯಾದಲ್ಲಿ 256 ಮಂದಿ ಮಿಲಿತ್ಸಾ ಯೊವನೊವಿಚ್‌ಗಳು ಅದನ್ನೂ ಮುರಿದರು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲಾಗದ್ದರಿಂದ ತನಾಕರು ಪರಸ್ಪರ ಅಡ್ಡಹೆಸರು ಇಟ್ಟುಕೊಂಡಿದ್ದಾರೆ. ತಮ್ಮ ಹೆಸರು ಇನ್ನೊಬ್ಬರಲ್ಲಿ ಇದೆ ಎಂದು ಗೊತ್ತಾದಾಗ ಬೇಸರಪಡದೆ ಹುಡುಕಿಕೊಂಡು ಹೋಗಿ ಗೆಳೆತನ ಮಾಡಿದ ಇವರ ಬಗ್ಗೆ ನನಗೆ ತುಂಬು ಮೆಚ್ಚುಗೆಯಿದೆ.

ಅಕ್ಷರವೇ ಇಲ್ಲದ ಅಕಿರ ಒಬ್ಬನಿದ್ದಾನೆ. ಓತೊಮೊ ಕತ್ಸುಹಿರೊ 1982ರಲ್ಲಿ ಕಾಮಿಕ್ಸ್ ಆಗಿ ಬರೆಯಲು ಶುರುಮಾಡಿ 1988ರಲ್ಲಿ ಅನಿಮೇಷನ್ ಚಿತ್ರವನ್ನೂ ಮಾಡಿದ 'ಅಕಿರ'ದ ಹುಡುಗ. ಅವನ ಹೆಸರು ಇರುವುದು ಕತಕನದಲ್ಲಿ, ಅಂದರೆ ನಮ್ಮ ಲಿಪಿಯ ಹಾಗೆ ಸದ್ದನ್ನು ಮಾತ್ರ ಹೇಳುವ ಲಿಪಿಯಲ್ಲಿ. ಕಥೆಯಲ್ಲಿ ಅವನೊಂದು ಪ್ರಯೋಗದ ಕೂಸು, 28ನೇ ನಂಬರು. ಗೆರೆ ಎಣಿಸಿ ಅವನಿಗಾಗಿ ಒಂದು ಅಕ್ಷರ ಆರಿಸಿದವರು ಯಾರೂ ಕಥೆಯಲ್ಲಿಲ್ಲ. ಜಪಾನಿನ ಓದುಗನಿಗೆ ಆ ಮೂರು ಬೋಳು ಅಕ್ಷರಗಳನ್ನು ನೋಡಿದಾಗ ಆಗುವ ಕಳವಳ ಕನ್ನಡದಲ್ಲಿ ಓದುವ ನಮಗೆ ಆಗುವುದಿಲ್ಲ, ಯಾಕೆಂದರೆ ನಮಗೆ ಎಲ್ಲ ಅಕಿರರೂ ಹಾಗೇ ಕಾಣುತ್ತಾರೆ.

ಇಬ್ಬರನ್ನು ಕೊನೆಗೆಂದು ಉಳಿಸಿಕೊಂಡಿದ್ದೇನೆ. ಅವರು ನಮ್ಮ ಮನೆಯಲ್ಲೇ ಇದ್ದಾರೆ. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಬೆಳಗ್ಗೆ ಬಿ.ಪಿ.ಗೆ ಲೊಸಾರ್ಟನ್ ಮಾತ್ರೆ, ರಾತ್ರಿ ಕೊಲೆಸ್ಟರಾಲಿಗೆ 'ಸ್ಟಾಟಿನ್' ಎಂದು ಮುಗಿಯುವ ಹೆಸರಿನ ಮಾತ್ರೆ. ರಾತ್ರಿಯ ಮಾತ್ರೆಯ ಹಿಂದೆ ಇರುವವರು ಎಂದೊ ಅಕಿರ. 1933ರಲ್ಲಿ ಉತ್ತರದ ಅಕಿತ ಸೀಮೆಯ ರೈತರ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ಅಣಬೆ, ಬೂಷ್ಟುಗಳ ಮೇಲೆ ಕುತೂಹಲ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರ ಆರಾಧ್ಯ. ಬೂಷ್ಟು ರೋಗಾಣುವನ್ನು ತಡೆಯುವುದಾದರೆ ಮೈಯೊಳಗೆ ಕೊಲೆಸ್ಟರಾಲ್ ತಯಾರಾಗುವುದನ್ನೂ ಯಾವುದೋ ಬೂಷ್ಟು ತಡೆಯಬಾರದೇಕೆ ಎಂದುಕೊಂಡು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಎರಡು ವರ್ಷ ಕೂತು ಸುಮಾರು 6,000 ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದರು. ಸಿಕ್ಕಿದ್ದು ಕ್ಯೋತೊದ ಧಾನ್ಯದಂಗಡಿಯೊಂದರ ಅಕ್ಕಿಗೆ ಹಿಡಿದ ನೀಲಿಹಸಿರು ಬೂಷ್ಟಿನಲ್ಲಿ, 1973ರಲ್ಲಿ. ಅವರು ಕಂಡ ಆ ಮೊದಲ ವಸ್ತು ಮಾತ್ರೆಯಾಗಲಿಲ್ಲ. ಅದೇ ದಾರಿಯಲ್ಲಿ ನಡೆದ ಅಮೆರಿಕದ ಕಂಪನಿಯೊಂದರ ಮಾತ್ರೆ 1987ರಲ್ಲಿ ಬಂತು. ಎಂದೊ ಅವರಿಗೆ 2008ರಲ್ಲಿ ಲಾಸ್ಕರ್ ಪ್ರಶಸ್ತಿ ಸಿಕ್ಕಿತು, ನೊಬೆಲ್ ಬರಲಿಲ್ಲ. 2024ರ ಜೂನ್ 5ರಂದು ತೀರಿಕೊಂಡರು. ಕೋಟ್ಯಂತರ ಹೃದಯಗಳನ್ನು ಕಾಯ್ದವರಿಗೆ ನೊಬೆಲ್ ಸಲ್ಲಬೇಕಿತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬೆಳಗಿನ ಮಾತ್ರೆಯ ಹಿಂದೆ ಇರುವವರು ಸುಜುಕಿ ಅಕಿರ. ಹೊಕ್ಕೈದೊದ ಮುಕಾವದಲ್ಲಿ 1930ರಲ್ಲಿ ಹುಟ್ಟಿ ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದವರು. ಎರಡು ಇಂಗಾಲದ ತುಣುಕುಗಳನ್ನು ಬೋರಾನ್ ಮತ್ತು ಪಲೇಡಿಯಂ ನೆರವಿನಿಂದ ಬೆಸೆಯುವ ವಿಧಾನವನ್ನು 1979ರಲ್ಲಿ ಪ್ರಕಟಿಸಿದರು. ಲೊಸಾರ್ಟನ್ ತಯಾರಿಕೆಯಲ್ಲಿ ಆ ಬೆಸುಗೆ ಬಳಕೆಗೆ ಬಂತು. ಅದಕ್ಕೆ ಅವರು ಪೇಟೆಂಟ್ ಮಾಡಿಸಲಿಲ್ಲ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟರು. 2010ರಲ್ಲಿ ನೊಬೆಲ್ ಬಂತು.

ಕಳೆದ ಭಾನುವಾರ ಇದನ್ನೆಲ್ಲ ಅಪ್ಪನಿಗೆ ಹೇಳುತ್ತಿದ್ದೆ. "ಇವರಿಬ್ಬರ ಅಕಿರ ಯಾವುದು?" ಎಂದು ಕೇಳಿದರು. ಬರಹದ ಅಧ್ಯಾಯ ಎಂಬ ಅರ್ಥದ, 11 ಗೆರೆಯ ಅಕ್ಷರ, ಇಬ್ಬರದೂ ಒಂದೇ ಎಂದೆ. ಯೊಶಿನೊ ಅವರ ಅಕ್ಷರದಿಂದ ಆ ಮೂರು ಮಳೆಗೆರೆ ತೆಗೆದರೆ ಉಳಿಯುವುದು ಇದೇ ಎಂದೂ ಹೇಳಿದೆ. ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು, ಮಕ್ಕಳಿಗೆ ಅ ಆ ತಿದ್ದಿಸುವಾಗ ಮಾಡುತ್ತಿದ್ದ ಹಾಗೆ ಗೆರೆ ಎಣಿಸುತ್ತಾ ಅದರ ಕೆಳಗೆ ತಾವೂ ಬರೆದರು. ಎರಡು ಸಲ ಹತ್ತಕ್ಕೇ ನಿಂತಿತು. ಮೂರನೇ ಸಲ ಸರಿಯಾಗಿ ಬಂತು.

"ಅಕ್ಷರವೂ ಒಂದೇ ಆದರೆ ನಾನು ಇವರನ್ನು ಬೇರೆ ಬೇರೆ ಅಂತ ಗುರುತಿಸೋದು ಹೇಗೋ?" ಎಂದರು. ಮನೆತನದ ಹೆಸರಿನಿಂದ ಎಂದೆ. ಸುಜುಕಿಯ ಎರಡು ಅಕ್ಷರಕ್ಕೆ ಗಂಟೆ ಮತ್ತು ಮರ ಎಂದರ್ಥ. ಎಂದೊ ಎಂದರೆ ದೂರ, ಮತ್ತು ನೇರಳೆ ಹೂ ಗೊಂಚಲು ಬಿಡುವ ಒಂದು ಬಳ್ಳಿ. ಅಪ್ಪ ಮಾತ್ರೆಯ ಎರಡೂ ಪಟ್ಟಿ ತರಿಸಿಕೊಂಡರು. ಬೆಳಗಿನದರ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ 'ಗಂಟೆಮರ' ಎಂದು ಬರೆದರು, ರಾತ್ರಿಯದರ ಮೇಲೆ 'ದೂರದ ಬಳ್ಳಿ'. ನಿನ್ನೆ ರಾತ್ರಿ ಊಟ ಮುಗಿಸಿ ಕೈತೊಳೆದು ಬಂದವರು ಒಳಗಿನಿಂದ ಕೂಗಿದರು, ದೂರದ ಬಳ್ಳಿ ಎಲ್ಲಿಟ್ಟಿದ್ದೀರಿ ಎಂದು.